ತೆಗೆದ ನೀಲಿ

ತ್ರಿಭುವನ ಜೀನ್ಸ್ ವಾಶಿಂಗ್ ಘಟಕದ ಮೂರನೇ ತೊಟ್ಟಿಯ ಪಕ್ಕದಲ್ಲಿ ಸುಂಕಲಮ್ಮ ಎಂಬ ಐವತ್ತೊಂದು ವರ್ಷದ ಕೆಲಸಗಾರ್ತಿ ಸತ್ತಳು. ಸಾಯುವಾಗ ಅವಳ ತುಟಿ, ಉಗುರು, ಕಿವಿಯ ತುದಿ ನೀಲಿಗಟ್ಟಿದ್ದವು. ವಿಚಾರಣಾ ಆಯೋಗದ ಮುಂದೆ ತೋರಿಸಿದ ವಿಡಿಯೊದಲ್ಲಿ ಆ ನೀಲಿ ಇರಲಿಲ್ಲ. ಅದನ್ನು ತೆಗೆಯಲಾಗಿತ್ತು.

ತೆಗೆದದ್ದು ಕಾನೂನಿನ ಪ್ರಕಾರವೇ. ಸುಳ್ಳು ವಿಡಿಯೊಗಳ ಹಾವಳಿ ಮಿತಿಮೀರಿ, ಸತ್ತವರು ಭಾಷಣ ಮಾಡಿ, ಬದುಕಿದ್ದವರು ತಾವು ಮಾಡದ ಕೊಲೆಗೆ ಜೈಲಿಗೆ ಹೋಗಿಬಂದ ಮೇಲೆ ಸರ್ಕಾರ ಸಹಜವರ್ಣ ಕಾಯ್ದೆ ತಂದಿತು. ಜಿಲ್ಲೆಗೊಂದು ವರ್ಣ ಕೇಂದ್ರ. ಸಾಕ್ಷಿಯಾಗಬಲ್ಲ ಯಾವ ವಿಡಿಯೊವಾದರೂ ಒಂದು ದಿನದೊಳಗೆ ಅಲ್ಲಿಗೆ ಹೋಗಬೇಕು. ಅಲ್ಲಿ ಅದರ ಬೆಳಕನ್ನು ಸಮ ಮಾಡುತ್ತಾರೆ, ಬಣ್ಣದ ಓರೆಯನ್ನು ತಿದ್ದುತ್ತಾರೆ, ಮನುಷ್ಯರ ಚರ್ಮವನ್ನು ಸರ್ಕಾರ ಗೊತ್ತುಮಾಡಿದ ಮಾನಕ್ಕೆ ತಂದು ಮೊಹರು ಹಾಕುತ್ತಾರೆ. ಆಮೇಲೆ ಮೂಲವನ್ನು ಅಳಿಸಿಬಿಡುತ್ತಾರೆ. ಒಂದು ಘಟನೆಗೆ ಎರಡು ವಿಡಿಯೊ ಇದ್ದರೆ ತಾನೇ ಜಗಳ?

ಕೋರ್ಟಿಗೆಂದು ಹುಟ್ಟಿದ ಕಾಯ್ದೆ ಮೆಲ್ಲಗೆ ಆಸ್ಪತ್ರೆಯ ಕ್ಯಾಮೆರಾಗಳಿಗೆ, ಬಸ್‌ಸ್ಟ್ಯಾಂಡಿಗೆ, ಕಾರ್ಖಾನೆಗಳಿಗೆ ಹಬ್ಬಿತು. ತೆರೆಯ ಮೇಲೆ ಯಾರೂ ಬಿಳಿಚಿಕೊಳ್ಳುವುದು ನಿಂತುಹೋಯಿತು. ಹಸಿದವನ ಮುಖಕ್ಕೂ ಉಂಡವನ ಕಳೆ ಬಂತು. ಬಳ್ಳಾರಿಯ ಜನ ಇದಕ್ಕೂ ಒಗ್ಗಿಕೊಂಡರು. ತೆರೆಯಲ್ಲಿ ಕಾಣಿಸಿಕೊಳ್ಳುವ ಡಾಕ್ಟರ ಮುಂದೆ ಕೂರುವಾಗ ಕಾಮಾಲೆಯ ಅನುಮಾನ ಇದ್ದವರು ಕೆನ್ನೆಯ ಪಕ್ಕ ಸುಣ್ಣದ ಹೆಂಟೆ ಹಿಡಿಯುವುದನ್ನು ಕಲಿತರು. ಯಂತ್ರ ಮುಖದ ಹಳದಿಯನ್ನು ತಿದ್ದಲು ಹೋದಾಗ ಸುಣ್ಣ ನೀಲಿ ಹೊಡೆಯುತ್ತಿತ್ತು. ಸುಣ್ಣ ನೀಲಿಯಾದರೆ ಮನುಷ್ಯ ಹಳದಿ ಎಂದು ಡಾಕ್ಟರು ತಿಳಿದುಕೊಳ್ಳಬೇಕು. ಬುದ್ಧಿ ಇದ್ದವರು ತಿಳಿದುಕೊಳ್ಳುತ್ತಿದ್ದರು.

ಸುಂಕಲಮ್ಮನ ಕೈಯಲ್ಲಿ ಆ ದಿನ ಸುಣ್ಣ ಇರಲಿಲ್ಲ.

*

ಅವಳು ಘಟಕದಲ್ಲಿ ಬಣ್ಣ ಹೊಂದಿಸುವವಳು. ಮಾದರಿಯ ತುಂಡನ್ನೂ ತೊಟ್ಟಿಯಿಂದ ಎತ್ತಿದ ತುಂಡನ್ನೂ ಪಕ್ಕಪಕ್ಕ ಹಿಡಿದು "ಇನ್ನೊಂದು ಮುಳುಗು ಬೇಕು" ಅನ್ನುವುದು ಅವಳ ಕೆಲಸ. ಮಗಳು ಹುಲಿಗೆಮ್ಮ ಅಲ್ಲೇ ಹಿಂಡುವ ಯಂತ್ರದಲ್ಲಿದ್ದಳು. ಆ ವಾರ ಹೊಸ ಕಪ್ಪು ಬಣ್ಣಕ್ಕೆಂದು ಚೀಟಿ ಕಿತ್ತ ಪೀಪಾಯಿಗಳು ಬಂದಿದ್ದವು. ಒಂದು ಸೋರಿ ಸುಂಕಲಮ್ಮನ ಸೀರೆ ತೊಡೆಯವರೆಗೆ ನೆನೆಯಿತು. ಬದಲಿಸಲು ಸೂಪರ್‌ವೈಸರ್ ಬಿಡುವು ಕೊಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳು "ತಲಿ ದಿಮ್ಮಂತೈತಿ" ಎಂದು ಮೂರನೇ ತೊಟ್ಟಿಯ ಪಕ್ಕದ ನಲ್ಲಿಯ ಕಟ್ಟೆಯ ಮೇಲೆ ಕೂತಳು. ತುಟಿ ನೀಲಿಯಾಗಿತ್ತು.

ಬೇರೆ ಎಲ್ಲೇ ಆಗಿದ್ದರೂ ಜನ ಹೌಹಾರುತ್ತಿದ್ದರು. ಅದು ನೀಲಿಯ ಕಾರ್ಖಾನೆ. ಅಲ್ಲಿ ಎಲ್ಲರ ಕೈಯೂ ನೀಲಿ, ಬೆವರು ಒರೆಸಿಕೊಂಡ ಹಣೆಯೂ ನೀಲಿ, ತಂಬಾಕು ತಿಕ್ಕಿದ ಒಸಡೂ ನೀಲಿ.

"ಏನಬೇ ಸುಂಕ್ಲಿ, ತೊಟ್ಟಿಗೇ ಬಾಯಿ ಹಚ್ಚಿದೇನು?" ಎಂದು ಯಾರೋ ನಕ್ಕರು. ಸುಂಕಲಮ್ಮನೂ ನಕ್ಕಳು.

ಹುಲಿಗೆಮ್ಮ ಸಾಬೂನು ತಂದು ತಾಯಿಯ ತುಟಿ ತಿಕ್ಕಿದಳು. ಹೋಗಲಿಲ್ಲ. ನಿಂಬೆ ಸಿಪ್ಪೆ ಹಾಕಿ ತಿಕ್ಕಿದಳು. ಹೋಗಲಿಲ್ಲ. ಸೀಮೆಎಣ್ಣೆಯ ಬಟ್ಟೆ ತಂದಳು. ಮೂಲೆಯ ಕ್ಯಾಮೆರಾ ಅವಳ ಬೆನ್ನ ಹಿಂದಿನಿಂದ ನೋಡುತ್ತಿತ್ತು. ಹನ್ನೊಂದು ನಿಮಿಷ ತಿಕ್ಕಿದಳು.

"ಸಾಕು ಬಿಡವ್ವಾ, ತುಟಿ ಕಿತ್ತು ಬರ್ತಾವು" ಅಂದಳು ತಾಯಿ. ಅದೇ ಅವಳ ಕಡೆಯ ಮಾತು.

ಆಗ ಹುಲಿಗೆಮ್ಮ ತಾಯಿಯ ಕೈ ಹಿಡಿದು ನೋಡಿದಳು. ತನ್ನ ಉಗುರಿನ ನೀಲಿ ಉಗುರಿನ ಮೇಲಿತ್ತು. ತಾಯಿಯದು ಉಗುರಿನ ಅಡಿಯಲ್ಲಿತ್ತು. ಪ್ರಥಮ ಚಿಕಿತ್ಸೆಯ ಕೋಣೆಯ ತೆರೆಯಲ್ಲಿದ್ದ ಡಾಕ್ಟರು ಸರ್ಕಾರಿ ಮಾನದ ಗೋಧಿಬಣ್ಣದ ಮುಖವನ್ನು ನೋಡಿ, "ನಿಶ್ಶಕ್ತಿ, ಸಕ್ಕರೆ ನೀರು ಕೊಡಿ" ಎಂದರು. ಸಕ್ಕರೆ ನೀರು ಬರುವಷ್ಟರಲ್ಲಿ, ತಿರುಗಿ ತೊಟ್ಟಿಯ ಪಕ್ಕಕ್ಕೆ ತಂದು ಕೂರಿಸಿದ್ದ ಸುಂಕಲಮ್ಮ ಸತ್ತಿದ್ದಳು.

ಜಿಲ್ಲಾಸ್ಪತ್ರೆಯ ಓಣಿಯಲ್ಲಿ ಒಬ್ಬ ವೈದ್ಯೆ ಹೆಣವನ್ನು ಕಣ್ಣಾರೆ ನೋಡಿ ಹುಲಿಗೆಮ್ಮನಿಗೆ ಹೇಳಿದಳು: ಪೀಪಾಯಿಯಲ್ಲಿದ್ದದ್ದು ಅನಿಲೀನ್ ಎಣ್ಣೆ. ಅದು ಚರ್ಮದಿಂದಲೇ ಒಳಗಿಳಿದು ರಕ್ತವನ್ನು ಚಾಕಲೇಟಿನ ಬಣ್ಣಕ್ಕೆ ತಿರುಗಿಸುತ್ತದೆ. ಆ ರಕ್ತಕ್ಕೆ ಉಸಿರು ಹೊರುವ ಶಕ್ತಿ ಇರುವುದಿಲ್ಲ. ಅದಕ್ಕೆ ಮದ್ದು ಮಿಥಿಲೀನ್ ಬ್ಲೂ ಎಂಬ ಇನ್ನೊಂದು ನೀಲಿ, ಒಂದು ಸೂಜಿ ಸಾಕಿತ್ತು. "ನಾನು ಬರೆದುಕೊಡ್ತೀನಿ" ಅಂದಳು ವೈದ್ಯೆ. ಎರಡು ದಿನದಲ್ಲಿ ಅವಳಿಗೆ ವರ್ಗವಾಯಿತು. ರಕ್ತದ ಮಾದರಿಯ ಶೀಷೆ ಲ್ಯಾಬಿಗೆ ಹೋಗುವ ದಾರಿಯಲ್ಲಿ ಒಡೆಯಿತು. ಇನ್ನು ಉಳಿದದ್ದು ವಿಡಿಯೊ ಒಂದೇ.

*

ಆಯೋಗದ ಮಧ್ಯಂತರ ವರದಿಯನ್ನು ಹುಲಿಗೆಮ್ಮ ಕೇಳಿದ್ದು ಭಾನುವಾರದ ಓದುಕೂಟದಲ್ಲಿ. ಕೌಲ್‌ಬಜಾರಿನ ತಗಡಿನ ಶೆಡ್ಡಿನಲ್ಲಿ ವಾಶಿಂಗ್ ಘಟಕಗಳ ಹೆಂಗಸರು ಕೂಡುತ್ತಿದ್ದರು. ನಿವೃತ್ತ ಬಸ್ ಕಂಡಕ್ಟರ್ ಹೊನ್ನೂರ್‌ಸಾಬ್ ಕನ್ನಡಕ ಏರಿಸಿ ಓದುತ್ತಿದ್ದ. ಅವರು ಕೇಳುತ್ತ, ನಡುನಡುವೆ ಬೈಯುತ್ತ ಕೂರುತ್ತಿದ್ದರು.

"'ಮೃತಳ ಮುಖವರ್ಣವು ಸಹಜವಾಗಿದ್ದು, ವಿಷಪ್ರಾಶನದ ಯಾವ ಲಕ್ಷಣವೂ ಮೊಹರಾದ ದೃಶ್ಯದಲ್ಲಿ ಕಂಡುಬರುವುದಿಲ್ಲ.'"

"ಅವರ ಕಣ್ಣಾಗ ಸೀಮೆಎಣ್ಣಿ ಹಾಕ" ಅಂದಳು ಒಬ್ಬಳು.

"ಮುಂದ ಓದ್ರಿ ಸಾಬರ."

ಹೊನ್ನೂರ್‌ಸಾಬ್ ಹಾಳೆ ಮಡಿಚಿದ.

"ಓದ್ರಿ ಅಂದೆ" ಅಂದಳು ಹುಲಿಗೆಮ್ಮ.

"'ಮೃತಳ ಮಗಳು ಹುಲಿಗೆಮ್ಮ ಎಂಬಾಕೆ ಆರೋಗ್ಯವಂತಳಾಗಿ ಕಾಣುವ ತಾಯಿಯ ಬಾಯಿ ಮೂಗುಗಳನ್ನು ಹನ್ನೊಂದು ನಿಮಿಷಗಳ ಕಾಲ ಬಟ್ಟೆಯಿಂದ ಒತ್ತಿಹಿಡಿದಿರುವುದು ಸ್ಪಷ್ಟವಿದೆ. ಉಸಿರುಗಟ್ಟುವಿಕೆಯ ಸಾಧ್ಯತೆಯನ್ನು ಅಂತಿಮ ವಿಚಾರಣೆಯಲ್ಲಿ ಪರಿಶೀಲಿಸತಕ್ಕದ್ದು.'"

ಚಿಗವ್ವ ಪೆನ್ನಮ್ಮ, ಸುಂಕಲಮ್ಮನ ತಂಗಿ, ಹುಲಿಗೆಮ್ಮನ ತೊಡೆಯ ಮೇಲೆ ಕೈಯಿಟ್ಟಳು. ಆ ಕೈಯನ್ನು ಹುಲಿಗೆಮ್ಮ ಸರಿಸಿದಳು.

"ಸಾಬರ, ಆ ಬಣ್ಣ ತಿದ್ದೋ ಕೆಲಸ ಎಲ್ಲಿ ಕಲಸ್ತಾರ?"

"ವರ್ಣ ಕೇಂದ್ರದಾಗ. ಎರಡು ವರ್ಷದ ತರಬೇತಿ. ಯಾಕವ್ವ?"

"ನನ್ನವ್ವನ ಮುಖದಿಂದ ತೆಗೆದಾರಲ್ಲ, ಅದು ಎಲ್ಲಿಟ್ಟಾರ ನೋಡ್ಕೊಂಡು ಬರ್ತೀನಿ."

*

ಅರ್ಜಿಯಲ್ಲಿ ಅವಳ ಹೆಸರು ವನಮಾಲಾ. ಒಂದನೇ ಇಯತ್ತೆಗೆ ಸೇರಿಸುವಾಗ ಮಾಸ್ತರರು "ಹುಲಿಗೆಮ್ಮ ಅಂತ ಒಂದು ಹೆಸರಾ? ಹಾಜರಿ ಪುಸ್ತಕಕ್ಕೆ ಕಳೆ ಇರಲ್ಲ" ಎಂದು ತಾವೇ ಬರೆದುಕೊಂಡ ಹೆಸರು ಅದು. ಕೇರಿಯಲ್ಲಿ ಯಾರೂ ಅವಳನ್ನು ಆ ಹೆಸರಿನಿಂದ ಕರೆದಿರಲಿಲ್ಲ. ಈಗ ಉಪಯೋಗಕ್ಕೆ ಬಂತು. ಮಾಸ್ತರರು ಮಾಡಿದ ಅವಮಾನದ ಹಿಂದೆ ಅವಳು ಎರಡು ವರ್ಷ ಅಡಗಿ ಕೂತಳು.

ವರ್ಣ ಕೇಂದ್ರದ ಮುಖ್ಯ ತಿದ್ದುಗಾರ ವಾದಿರಾಜ. ಮೊಹರಿನ ಮೇಲೆ ಅವನ ಹೆಸರಿತ್ತು. ಸುಂಕಲಮ್ಮನ ವಿಡಿಯೊ ತಿದ್ದಿದವನು ಅವನೇ. ತರಬೇತಿ ಕೊಡುವವನೂ ಅವನೇ. ಬೂದುಬಣ್ಣದ ಗೋಡೆಗಳ, ಕಿಟಕಿಯಿಲ್ಲದ ಕೋಣೆಯಲ್ಲಿ ಮೆಲುದನಿಯಲ್ಲಿ ಪಾಠ ಹೇಳುತ್ತಿದ್ದ. ಕೆಟ್ಟ ಶಿಕ್ಷಕನಾಗಿದ್ದರೆ ಹುಲಿಗೆಮ್ಮನಿಗೆ ಸುಲಭವಾಗುತ್ತಿತ್ತು. ಅವನು ಒಳ್ಳೆಯ ಶಿಕ್ಷಕನಾಗಿದ್ದ.

ಮೊದಲು ಕತ್ತರಿಸುವುದು, ಜೋಡಿಸುವುದು. ಆಮೇಲೆ ಬಣ್ಣ. ಮೂರು ಚಕ್ರಗಳು: ಒಂದು ಕತ್ತಲೆಯನ್ನು ಹಿಡಿಯುತ್ತದೆ, ಒಂದು ನಡುವಣ ಬೆಳಕನ್ನು, ಒಂದು ಉರಿಬೆಳಕನ್ನು. ಒಂದೊಂದು ತಿದ್ದುಪಡಿಯೂ ಒಂದೊಂದು ಗಂಟಾಗಿ ತೆರೆಯ ಕೆಳಗೆ ಸಾಲಾಗಿ ನಿಲ್ಲುತ್ತದೆ. ಮೊದಲ ಗಂಟಿನಿಂದ ಹೊರಟ ಚಿತ್ರ ಎರಡನೆಯದನ್ನು ಹಾದು, ಮೂರನೆಯದನ್ನು ಹಾದು, ಕೊನೆಗೆ ಸರ್ಕಾರಕ್ಕೆ ಬೇಕಾದ ಬಣ್ಣದಲ್ಲಿ ಹೊರಬೀಳುತ್ತದೆ.

"ಚೆನ್ನಾಗಿ ನೆನಪಿಟ್ಕೊಳ್ಳಿ" ಎನ್ನುತ್ತಿದ್ದ ವಾದಿರಾಜ. "ಕಲಿಯದವರು ಬಣ್ಣಾನ ಜಜ್ಜಿ ಹಾಕ್ತಾರೆ. ಕತ್ತಲೇಲಿ ಮುಳುಗಿಸ್ತಾರೆ, ಇಲ್ಲ ಸುಟ್ಟುಬಿಡ್ತಾರೆ. ಆಮೇಲೆ ದೇವರು ಬಂದ್ರೂ ವಾಪಸ್ ತರೋಕಾಗಲ್ಲ. ನಾನು ಬಣ್ಣಾನ ಕೊಲ್ಲಲ್ಲ. ಸರಿಸ್ತೀನಿ ಅಷ್ಟೇ. ನನ್ನ ಗಂಟು ಬಿಚ್ಚಿದ್ರೆ ಮೂಲ ಹಾಗೇ ಬರಬೇಕು. ಅದು ಕಸುಬು."

ಹುಲಿಗೆಮ್ಮ ಆ ಮಾತನ್ನು ಎರಡು ಸಲ ಕೇಳಿಸಿಕೊಂಡಳು.

ಒಂದು ದಿನ ಅವನು ತೆರೆಯ ಮೂಲೆಯಲ್ಲಿ ದುಂಡನೆಯ ಮಾಪಕವೊಂದನ್ನು ತೆರೆದ. ಚಿತ್ರದ ಬಣ್ಣಗಳೆಲ್ಲ ಅದರಲ್ಲಿ ಚುಕ್ಕೆಗಳಾಗಿ ಚೆಲ್ಲಿದ್ದವು. ಕೆಂಪಿಗೂ ಹಳದಿಗೂ ನಡುವೆ ಒಂದು ಸಣ್ಣ ಗೆರೆ.

"ಇದು ಚರ್ಮದ ಗೆರೆ. ಕಪ್ಪಗಿರೋರು, ಬೆಳ್ಳಗಿರೋರು, ಯಾರ ಮುಖ ತಂದಿಟ್ರೂ ಚುಕ್ಕೆಗಳು ಈ ಗೆರೆ ಹತ್ರಾನೇ ಬೀಳುತ್ವೆ. ಯಾಕೆ ಹೇಳು ವನಮಾಲಾ?"

"ಯಾಕ್ರೀ ಸರ್?"

"ಒಳಗಡೆ ಹರಿಯೋ ರಕ್ತ ಒಂದೇ ಬಣ್ಣ."

ಇಷ್ಟು ಹೇಳಿದ ಮನುಷ್ಯ ಚಹಾ ಬಂದಾಗ ತನ್ನ ಲೋಟವನ್ನು ಮೇಜಿನ ಖಾನೆಯಿಂದ ತೆಗೆದುಕೊಂಡ. ಆ ಖಾನೆಗೆ ಬೀಗ ಇತ್ತು.

ಹುಲಿಗೆಮ್ಮ ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಿದ್ದಳು. ಅವಳು ತಿದ್ದಿದ ಎಲ್ಲದರಲ್ಲೂ ನೀಲಿ ಉಳಿಯುತ್ತಿತ್ತು.

"ಈ ಮದುವೆ ವಿಡಿಯೊದಲ್ಲಿ ಮದುಮಗನ ಪಂಚೆ ನೋಡು. ನೀಲಿ ಹೊಡೀತಿಲ್ವಾ?"

"ಬೆಳ್ಳಗೈತಲ್ರೀ ಸರ್."

ಉಳಿದ ಕಲಿಯುವವರು ನಕ್ಕರು. ಮಾಪಕದಲ್ಲಿ ಚುಕ್ಕೆಗಳು ನೀಲಿಯ ಕಡೆಗೆ ಗುಳೆ ಹೊರಟಿದ್ದವು. ಅವಳ ಕಣ್ಣಿಗೆ ಕಾಣುತ್ತಿರಲಿಲ್ಲ. ಹದಿಮೂರನೇ ವಯಸ್ಸಿನಿಂದ ನೀಲಿಯ ಆವಿಯಲ್ಲೇ ಬೆಳೆದ ಕಣ್ಣು ನೀಲಿಯನ್ನೇ ಬಿಳಿ ಎಂದು ಒಪ್ಪಿಕೊಂಡಿತ್ತು. ತಾನು ತಾಯಿಯ ತುಟಿ ತಿಕ್ಕುತ್ತ ಕೂತದ್ದು ಯಾಕೆ ಎಂಬುದು ಅವಳಿಗೆ ಅವತ್ತು ಆ ನಗುವಿನ ನಡುವೆ ಅರ್ಥವಾಯಿತು. ಕೈ ತಪ್ಪಿದ್ದಲ್ಲ. ಘಟಕದ ಮಾಲೀಕ ಪಂಪನಗೌಡನ ತೊಟ್ಟಿಗಳು ಅವಳ ಕಣ್ಣನ್ನೂ ಅದ್ದಿ ತೆಗೆದಿದ್ದವು.

ಅಂದಿನಿಂದ ಅವಳು ಕಣ್ಣನ್ನು ನಂಬಲಿಲ್ಲ. ಮಾಪಕ ನೋಡಿಯೇ ತಿದ್ದಿದಳು. "ಒದ್ದಿ ಬಟ್ಟಿ ನೋಡಿ ಬಣ್ಣ ಹೇಳಬ್ಯಾಡ, ಒದ್ದಿ ಬಟ್ಟಿ ಸುಳ್ಳಾಡ್ತತಿ. ಬಡಗಲ ಬಾಗಲಾಗ ಒಣಗಿಸಿ ಮಾದರಿ ಮಗ್ಗಲಾಗ ಹಿಡಿ" ಎಂದು ತಾಯಿ ಹೇಳಿಕೊಟ್ಟದ್ದೂ ಅದೇ ಪಾಠ. ಒಂದೇ ತುಂಡನ್ನು ನೋಡಿದರೆ ಸುಳ್ಳು, ಎರಡನ್ನು ಪಕ್ಕಪಕ್ಕ ಹಿಡಿದರೆ ನಿಜ. ಎರಡನೇ ವರ್ಷದ ಪರೀಕ್ಷೆಯಲ್ಲಿ ಅವಳು ಮೊದಲನೆಯವಳಾಗಿ ಬಂದಳು. ವಾದಿರಾಜ ಅವಳ ಕೈಗೆ ಉಗ್ರಾಣದ ಕಡತಗಳನ್ನೂ ಪ್ರಸಾರದ ಮೇಜನ್ನೂ ತೆರೆಯುವ ಕರ್ತವ್ಯದ ಕೀಲಿ ಕೊಟ್ಟು, "ನಿನ್ನಂಥ ಕೈ ಹತ್ತು ವರ್ಷಕ್ಕೊಂದು ಬರುತ್ತೆ ಕಣಮ್ಮ" ಅಂದ. ಅವಳು ನಮಸ್ಕಾರ ಮಾಡಿದಳು. ನಮಸ್ಕಾರ ಮಾಡುವಾಗ ಅವನ ಬೆರಳುಗಳನ್ನು ನೋಡಿದಳು.

*

ಆ ಕೀಲಿಗಾಗಿಯೇ ಅವಳು ಕಾದಿದ್ದಳು. ಕಾಯ್ದೆಯ ಪ್ರಕಾರ ಮೂಲ ಅಳಿದರೂ ತಿದ್ದುಪಟ್ಟಿ ಅಳಿಯುವಂತಿಲ್ಲ. ಯಾವ ಗಂಟಿನಲ್ಲಿ ಏನು ಮಾಡಲಾಯಿತು ಎಂಬ ಆ ಪಟ್ಟಿ ಮೊಹರಿನ ಭಾಗ, ಮೊಹರು ಒಡೆಯದೆ ಅದನ್ನು ಬದಲಿಸಲೂ ಆಗದು. ಯಾರೂ ಕೇಳುವುದಿಲ್ಲವಾದ್ದರಿಂದ ಅದು ಉಗ್ರಾಣದಲ್ಲಿ ಸುಮ್ಮನೆ ಬಿದ್ದಿರುತ್ತದೆ. ಒಂದು ಮಧ್ಯಾಹ್ನ ಉಳಿದವರು ಊಟಕ್ಕೆ ಹೋದಾಗ ಅವಳು ತ್ರಿಭುವನ ಘಟಕದ ಕಡತವನ್ನು ತೆರೆದಳು.

ಒಟ್ಟು ಹನ್ನೊಂದು ಗಂಟು. ಮೊದಲ ಒಂಬತ್ತು ಯಂತ್ರದವು: ಟ್ಯೂಬ್‌ಲೈಟಿನ ಹಸಿರು ತೆಗೆದದ್ದು, ನೆರಳು ಎತ್ತಿದ್ದು. ಹತ್ತನೆಯದು ಕೈಯದು. ತಾಯಿಯ ತುಟಿ, ಕಿವಿ, ಮೂಗು, ಕಣ್ಣುಗಳ ಸುತ್ತ ಯಾರೋ ಸೂಕ್ಷ್ಮವಾಗಿ ಗೆರೆ ಎಳೆದು, ಆ ಗೆರೆಯ ಒಳಗಿನ ನೀಲಿಯನ್ನಷ್ಟೇ ಸರಿಸಿದ್ದರು. ತುಟಿ ಅಲುಗಿದಲ್ಲೆಲ್ಲ ಗೆರೆಯೂ ಹಿಂಬಾಲಿಸಬೇಕು, ಅದನ್ನು ಯಂತ್ರ ಮಾಡುತ್ತದೆ. ಆದರೆ ಹುಲಿಗೆಮ್ಮನ ಕೈ ಬಟ್ಟೆ ಹಿಡಿದು ತುಟಿಯ ಮೇಲೆ ಬಂದಾಗಲೆಲ್ಲ ಯಂತ್ರ ದಾರಿ ತಪ್ಪಿತ್ತು. ತುಟಿ ಯಾವುದು, ಬಟ್ಟೆ ಯಾವುದು, ಬೆರಳು ಯಾವುದು ಎಂದು ಅದಕ್ಕೆ ತಿಳಿದಿರಲಿಲ್ಲ. ಅಲ್ಲೆಲ್ಲ ಒಬ್ಬ ಮನುಷ್ಯ ಕೂತು ಚೌಕಟ್ಟು ಚೌಕಟ್ಟಾಗಿ ಗೆರೆಯನ್ನು ಸರಿಪಡಿಸಿದ್ದ. ಇನ್ನೂರ ಹದಿನಾಲ್ಕು ಕಡೆ. ಆ ಮನುಷ್ಯ ಹನ್ನೊಂದು ನಿಮಿಷವನ್ನು ಹನ್ನೊಂದು ದಿನದಷ್ಟು ನೋಡಿದ್ದಾನೆ. ಮಗಳೊಬ್ಬಳು ಹೋಗದ ಬಣ್ಣವನ್ನು ತಿಕ್ಕುತ್ತಿರುವುದನ್ನು ನೋಡುತ್ತಲೇ, ಅವಳು ತಿಕ್ಕಿ ತೆಗೆಯಲಾಗದ್ದನ್ನು ತಾನು ತೆಗೆದಿದ್ದಾನೆ. ಹನ್ನೊಂದನೇ ಗಂಟು ಉಗುರುಗಳದು. ಎರಡರ ಮೇಲೂ ಅಂಕಿತ: ವಾ.ರಾ.

ಅವಳು ಗಂಟುಗಳನ್ನು ಹಿಂದುಮುಂದಾಗಿ ಬಿಚ್ಚತೊಡಗಿದಳು. ಕಸುಬು ನಿಜಕ್ಕೂ ಶುದ್ಧವಾಗಿತ್ತು. ಎಲ್ಲೂ ಜಜ್ಜಿರಲಿಲ್ಲ, ಸುಟ್ಟಿರಲಿಲ್ಲ. ಕೊನೆಯ ಗಂಟು ಬಿಚ್ಚಿದಾಗ ತಾಯಿ ತೆರೆಯ ಮೇಲೆ ಬಂದು ಕೂತಳು. ಹಲಗೆಕಲ್ಲಿನ ಬೂದಿನೀಲಿ ಮುಖ, ನೇರಳೆ ಹಣ್ಣಿನ ತುಟಿ. ಹುಲಿಗೆಮ್ಮ ಮುಖ ನೋಡಲಿಲ್ಲ, ಮಾಪಕ ನೋಡಿದಳು. ಚುಕ್ಕೆಗಳು ಚರ್ಮದ ಗೆರೆಯಿಂದ ಹರದಾರಿ ದೂರ, ಎದುರು ದಿಕ್ಕಿನಲ್ಲಿ ಗುಂಪುಗೂಡಿದ್ದವು. ಅವಳಿಗೆ ಅಳು ಬರಲಿಲ್ಲ. ತನ್ನ ಹಲ್ಲು ಕಡಿಯುವ ಸದ್ದು ತನಗೇ ಕೇಳಿಸಿತು.

*

"ಇನ್ನೇನು, ಅದನ್ನ ತೋರಿಸಿಬಿಡು" ಅಂದಳು ಪೆನ್ನಮ್ಮ, ಜೋಳದ ಹಿಟ್ಟು ನಾದುತ್ತ. ಅಂತಿಮ ವಿಚಾರಣೆಗೆ ಮೂರು ದಿನ ಇತ್ತು. ವಿಚಾರಣೆಯ ನೇರಪ್ರಸಾರಕ್ಕೆ ಪಾಳಿಯ ಪ್ರಕಾರ ಕರ್ತವ್ಯ ಬಿದ್ದದ್ದು ವನಮಾಲಾಗೆ, ಮೇಲ್ವಿಚಾರಣೆ ವಾದಿರಾಜನದು.

"ತೋರಿಸ್ತೀನಿ. ಆದ್ರ 'ನೀನಾ ಬಳದೀ' ಅಂತಾರ ಚಿಗವ್ವ. ಮಗಳು ಕಲಿತಾಕಿ, ಅವ್ವನ ಮುಖಕ್ಕ ಬಣ್ಣ ಬಳದಾಳ ಅಂತಾರ. ಮೂಲ ಇಲ್ಲಲ್ಲ."

"ನಾನು ಎರಡು ವರ್ಷದಿಂದ ಅಮಾಸಿ ಅಮಾಸಿಗೆ ಆ ಪಂಪನಗೌಡನ ಗೇಟಿಗೆ ಹಿಡಿಮಣ್ಣು ತೂರಾಕತ್ತೀನಿ. ಅವನ ಮೀಸಿ ಕೂದಲೂ ಉದುರವಲ್ದು. ಇನ್ನೂ ದಪ್ಪಾಗ್ಯಾನ."

"ಮಣ್ಣು ಹಾಳು ಮಾಡಬ್ಯಾಡ."

"ನಗತೀಯಲ್ಲ. ಜೇಲಿಗೆ ಹಾಕ್ತಾರಲೇ ನಿನ್ನ."

"ಈಗ ಏನಾರ ಹೊರಗಿದೀನೇನು? ಅವ್ವನ್ನ ಉಸಿರುಗಟ್ಟಿಸಿ ಕೊಂದಾಕಿ ಅಂತ ಬರದಾರ." ಅವಳು ಹಂಚಿನ ಮೇಲೆ ರೊಟ್ಟಿ ತಿರುವಿದಳು. "ಚಿಗವ್ವ, ಬಣ್ಣ ಒಂದು ತುಂಡು ನೋಡಿದ್ರ ತಿಳಿಯಂಗಿಲ್ಲ. ಎರಡು ತುಂಡು ಬೇಕು. ಒಂದು ಅವ್ವನ ಮುಖ. ಇನ್ನೊಂದು ಗೌಡನ ಮುಖ."

ಪೆನ್ನಮ್ಮನ ಕೈ ಹಿಟ್ಟಿನಲ್ಲೇ ನಿಂತಿತು. "ಏನ್ ಮಾಡ್ತೀಯ?"

"ಅವನದು ಅವನಿಗೆ ಕೊಡ್ತೀನಿ."

*

ವಿಚಾರಣೆ ಜಿಲ್ಲಾ ಸಭಾಂಗಣದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಶುರುವಾಯಿತು. ವೇದಿಕೆಯಲ್ಲಿ ಆಯೋಗದ ಅಧ್ಯಕ್ಷರು, ನಿವೃತ್ತ ನ್ಯಾಯಮೂರ್ತಿ. ಎದುರಿಗೆ ಬಿಳಿ ಶಾಲು ಹೊದ್ದ ಘಟಕದ ಮಾಲೀಕ ಪಂಪನಗೌಡ, ಪಕ್ಕದಲ್ಲಿ ಅವನ ವಕೀಲ. ಹಿಂದಿನ ಸಾಲುಗಳಲ್ಲಿ ನೀಲಿ ಕೈಗಳ ಹೆಂಗಸರು, ಹೊನ್ನೂರ್‌ಸಾಬ್, ಪೆನ್ನಮ್ಮ. ದೊಡ್ಡ ತೆರೆಯ ಎಡಕ್ಕೆ ಸಾಕ್ಷಿಯ ವಿಡಿಯೊ, ಬಲಕ್ಕೆ ಸಭಾಂಗಣದ ನೇರಚಿತ್ರ. ಇಡೀ ಜಿಲ್ಲೆ ಅದನ್ನು ಫೋನಿನಲ್ಲಿ ನೋಡುತ್ತಿತ್ತು. ಎರಡೂ ಹಾದುಹೋಗುತ್ತಿದ್ದದ್ದು ಹಿಂಬದಿಯ ಗಾಜಿನ ಕೋಣೆಯಲ್ಲಿ ಕೂತ ಹುಲಿಗೆಮ್ಮನ ಮೇಜಿನಿಂದ. ಆ ಮೇಜಿನಿಂದ ಏನನ್ನಾದರೂ ಕಡಿದುಹಾಕಬೇಕಾದರೆ ಎರಡು ಕೀಲಿ ಒಟ್ಟಿಗೆ ತಿರುಗಬೇಕು: ಒಂದು ಕರ್ತವ್ಯದವಳದು, ಇನ್ನೊಂದು ಮೇಲ್ವಿಚಾರಕನದು. ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇಲ್ಲದ ಸರ್ಕಾರ ಮಾಡಿದ ಏರ್ಪಾಡು.

"ಮೊಹರಾದ ದೃಶ್ಯ ತೋರಿಸಿ" ಎಂದರು ಅಧ್ಯಕ್ಷರು.

ಗೋಧಿಬಣ್ಣದ ಸುಂಕಲಮ್ಮ ಎಡತೆರೆಯಲ್ಲಿ ಬಂದಳು. ಮಗಳು ಬಟ್ಟೆ ಒತ್ತುತ್ತಿದ್ದಳು.

"ನೋಡಿ ಸ್ವಾಮಿ, ಮುಖ ಎಷ್ಟು ಕಳೆಕಳೆಯಾಗಿದೆ" ಎಂದ ಗೌಡನ ವಕೀಲ.

ಹುಲಿಗೆಮ್ಮ ಮೈಕು ಎಳೆದುಕೊಂಡಳು. "ಕಾಯ್ದೆ ಪ್ರಕಾರ ತಿದ್ದುಪಟ್ಟಿ ಮೊಹರಿನ ಭಾಗ ಸ್ವಾಮಿ. ಅದನ್ನೂ ತೋರಿಸಬೇಕು."

ಉತ್ತರಕ್ಕೆ ಕಾಯದೆ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಹತ್ತನೇ ಗಂಟು ಬಿಚ್ಚಿದಾಗ ಹಿಂದಿನ ಸಾಲುಗಳಿಂದ ಎದ್ದ ಸದ್ದನ್ನು ಗಾಜು ತಡೆಯಲಿಲ್ಲ. ವಾದಿರಾಜ ಕುರ್ಚಿಯಿಂದ ಅರ್ಧ ಎದ್ದ.

"ವನಮಾಲಾ, ಏನು ಮಾಡ್ತಿದ್ದೀಯ? ಯಾರು ನೀನು?"

"ಆ ಬಟ್ಟಿ ಹಿಡಿದ ಕೈ ಐತಲ್ಲ ಸರ್, ಇನ್ನೂರ ಹದಿನಾಲ್ಕು ಸಲ ನೀವು ದಾಟಿಸಿದ ಕೈ. ಅದು ನಂದು. ಹುಲಿಗೆಮ್ಮ ನನ್ನ ಹೆಸರು."

ವಾದಿರಾಜ ತೆರೆಯ ಮೇಲಿನ ಕೈಯನ್ನೂ ಅವಳ ಕೈಯನ್ನೂ ನೋಡಿದ. "ಮಾನಕ್ಕೆ ತರೋದು ನನ್ನ ಕೆಲಸ ಕಣಮ್ಮ" ಎಂದ. "ಬಣ್ಣ ಗೆರೆ ಬಿಟ್ಟು ಹೋಗಿತ್ತು, ವಾಪಸ್ ಗೆರೆಗೆ ತಂದೆ."

"ಯಂತ್ರ ಬಿಟ್ಟಿತ್ತು. ನೀವು ಬಿಡಲಿಲ್ಲ."

ಮೈಕು ತೆರೆದಿತ್ತು. ಆ ಮಾತು ಸಭಾಂಗಣದಲ್ಲೆಲ್ಲ ಕೇಳಿಸಿತು. ವಕೀಲ ಛಂಗನೆ ಎದ್ದ. "ಕೇಳಿದಿರಾ ಸ್ವಾಮಿ! ಈಕೆ ಮೃತಳ ಮಗಳು, ಆರೋಪಕ್ಕೆ ಗುರಿಯಾದವಳು. ಹೆಸರು ಮರೆಸಿ ಒಳಗೆ ಸೇರಿಕೊಂಡು ಈ ನೀಲಿಯನ್ನು ಬಳಿದಿದ್ದಾಳೆ. ವರ್ಣ ಕೇಂದ್ರ ಮಾಡಿದ್ದು ಬರೀ ಬೆಳಕಿನ ತಿದ್ದುಪಡಿ. ಆ ಪಟ್ಟಿಯಿಂದ ಯಾವ ಮುಖವೂ ಬದಲಾಗುವುದಿಲ್ಲ ಎಂದು ಕೇಂದ್ರವೇ ಪ್ರಮಾಣಪತ್ರ ಕೊಟ್ಟಿದೆ!"

"ಇದಕ್ಕೆ ಏನು ಹೇಳುತ್ತೀಯಮ್ಮ?" ಎಂದರು ಅಧ್ಯಕ್ಷರು. ಅವರ ದನಿಯಲ್ಲಿ ಕುತೂಹಲ ಇತ್ತು. "ಮೂಲ ಇಲ್ಲ. ನೀನು ಬಳಿದಿಲ್ಲ ಎಂದು ನಾವು ತಿಳಿಯುವುದು ಹೇಗೆ?"

"ವಕೀಲರು ಹೇಳಿದ್ದನ್ನಾ ಒಪ್ಪೋಣ ಸ್ವಾಮಿ. ಆ ಪಟ್ಟಿಯಿಂದ ಯಾವ ಮುಖಾನೂ ಬದಲಾಗಂಗಿಲ್ಲ. ಹಂಗಾದ್ರ ಅದರ ಹತ್ತು, ಹನ್ನೊಂದನೇ ಗಂಟು ತಿರುಗಾಮುರುಗಾ ಮಾಡಿ ಗೌಡರ ಮುಖದ ಮ್ಯಾಲ ಹಾಕ್ತೀನಿ. ಏನೂ ತೆಗೆದಿಲ್ಲ ಅಂದ್ರ ಏನೂ ಬರಂಗಿಲ್ಲ. ಅವರು ಹೆಂಗದಾರೋ ಹಂಗಾ ಇರ್ತಾರ."

ಅವಳ ಬೆರಳು ಆಗಲೇ ಗುಂಡಿಯ ಮೇಲಿತ್ತು.

ಬಲತೆರೆಯಲ್ಲಿ ಪಂಪನಗೌಡನ ಮುಖ ದೊಡ್ಡದಾಗಿ ಬಂತು. ಕೆಂಪು, ಉಂಡ ಮುಖ. ಮೊದಲು ತುಟಿಯ ಅಂಚು ಕಂದಿತು. ಆಮೇಲೆ ತುಟಿ ಪೂರ್ತಿ ನೇರಳೆಯಾಯಿತು. ಕಿವಿಯ ತುದಿ, ಮೂಗಿನ ತುದಿ, ಕಣ್ಣಿನ ಸುತ್ತ ಬೂದಿನೀಲಿ ಹರಡಿತು. ಎಡಕ್ಕೆ ಸುಂಕಲಮ್ಮ, ಬಲಕ್ಕೆ ಗೌಡ. ಎರಡು ತುಂಡುಗಳು ಪಕ್ಕಪಕ್ಕ. ಅದೇ ಬಣ್ಣ, ಒಂದು ಮುಳುಗಿನ ವ್ಯತ್ಯಾಸವೂ ಇರಲಿಲ್ಲ. ಸಭಾಂಗಣದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು. ಬಣ್ಣ ಹೊಂದಿಸುವುದೇ ಅವರ ಕಸುಬು. ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

"ಹೊಂದೈತಿ!" ಎಂದು ಹಿಂದಿನಿಂದ ಪೆನ್ನಮ್ಮ ಕೂಗಿದಳು. "ಹೊಂದೈತಿ, ಹೊಂದೈತಿ!"

ಗೌಡ ಎದ್ದು ಎಡಕ್ಕೆ ಸರಿದ. ಕ್ಯಾಮೆರಾ ಮುಖ ಗುರುತಿಸಿ ಹಿಂಬಾಲಿಸುವಂಥದ್ದು, ಅದೂ ಸರಿಯಿತು, ನೀಲಿಯೂ ಸರಿಯಿತು. ಅವನು ಬಲಕ್ಕೆ ನಡೆದ. ನೀಲಿ ಹಿಂದೆ ಬಂತು. ಶಾಲಿನಿಂದ ಮುಖ ಮುಚ್ಚಿಕೊಂಡ. ಶಾಲು ಹಿಡಿದ ಹತ್ತು ಬೆರಳುಗಳ ಉಗುರುಗಳು ತೆರೆಯ ಮೇಲೆ ಒಂದೊಂದಾಗಿ ಕಪ್ಪಿಟ್ಟವು. ಅವನ ಫೋನು ಬಡಿದುಕೊಳ್ಳತೊಡಗಿತು. ಮನೆಯವರು ನೋಡುತ್ತಿದ್ದರು. "ನಿಲ್ಸ್ರಲೇ ಅದನ್ನ!" ಎಂದು ಅವನು ಶಾಲಿನೊಳಗಿಂದ ಅರಚಿದ. "ನಾನು ಬದುಕಿದೀನಿ! ನಿಲ್ಸ್ರಿ!"

ಅಧ್ಯಕ್ಷರು ಬಹಳ ಹೊತ್ತು ಎರಡೂ ತೆರೆಗಳನ್ನು ನೋಡಿದರು. ಕನ್ನಡಕ ತೆಗೆದರು, ಹಾಕಿಕೊಂಡರು, ಏನನ್ನೋ ಬರೆದುಕೊಂಡರು. "ಆಯೋಗಕ್ಕೆ ತಿಳಿಯಬೇಕಾದ್ದು ತಿಳಿಯಿತು. ಅದು ದಾಖಲಾಗುತ್ತದೆ. ಇನ್ನು ಅವರ ಮುಖದ ಮೇಲಿನದನ್ನು ತೆಗೆಯಿರಿ. ಜೀವಂತ ಮನುಷ್ಯನನ್ನು ಹೆಣದ ಬಣ್ಣದಲ್ಲಿ ಜಿಲ್ಲೆಗೆಲ್ಲ ತೋರಿಸುವುದು ಕಾನೂನಿಗೆ ವಿರುದ್ಧ."

ಹುಲಿಗೆಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

"ಕೇಳಿಸಿತೇನಮ್ಮ? ತೆಗೆ."

ಪಕ್ಕದಲ್ಲಿ ವಾದಿರಾಜ ತನ್ನ ಕೀಲಿಯನ್ನು ಹಾಕಿ ತಿರುಗಿಸಿದ. "ನಿನ್ನದೂ ಹಾಕು" ಎಂದು ಪಿಸುಗುಟ್ಟಿದ. "ಗೆದ್ದಿದ್ದೀಯಲ್ಲ, ಇನ್ನೇನು ಬೇಕು? ಇದು ನ್ಯಾಯ ಅಲ್ಲ ಕಣೆ, ಸೇಡು. ನಾನು ಮಾಡಿದ್ದನ್ನೇ ನೀನೂ ಮಾಡ್ತಿದ್ದೀಯ."

"ಹೌದ್ರಿ ಸರ್, ಸೇಡು" ಅಂದಳು ಹುಲಿಗೆಮ್ಮ. "ಕಲಿಸಿದೋರು ನೀವು."

"ಕರ್ತವ್ಯದ ಆಪರೇಟರ್" ಅಧ್ಯಕ್ಷರ ದನಿ ಏರಿತು, "ಇದು ಆಯೋಗದ ಆದೇಶ. ಮೀರಿದರೆ ನಿನ್ನ ಪರವಾನಗಿ ಹೋಗುತ್ತದೆ, ಇಲ್ಲಿಂದ ನೇರವಾಗಿ ಬಂಧನಕ್ಕೆ ಹೋಗುತ್ತೀಯ. ಕೊನೆಯ ಸಲ ಹೇಳುತ್ತಿದ್ದೇನೆ. ಆ ಬಣ್ಣ ತೆಗೆ."

ಪೊಲೀಸರು ಗಾಜಿನ ಬಾಗಿಲನ್ನು ಬಡಿಯತೊಡಗಿದ್ದರು. ಅವಳು ಕುತ್ತಿಗೆಯ ದಾರದಿಂದ ಕೀಲಿ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಮುಷ್ಟಿ ಬಿಗಿದಳು. ಮೈಕನ್ನು ಬಾಯಿಗೆ ಹತ್ತಿರ ಎಳೆದುಕೊಂಡಳು.

"ತೆಗೆಯಂಗಿಲ್ಲ" ಅಂದಳು.